ಒಂದು ಮೊಳ ಕಡಿಮೆ ಬಿದ್ದ ಮನೆ

ನೀಲಗಂಗವ್ವ ತಾಯಿಯವರ ದರ್ಶನಕ್ಕೆ ಮೊದಲ ಸಲ ಬಂದವರು ಅವರನ್ನೇ "ಅವ್ವಾರು ಎಲ್ಲಿ ಅದಾರ?" ಎಂದು ಕೇಳುವುದು ಸಾಮಾನ್ಯವಾಗಿತ್ತು. ಬಂದವರ ತಪ್ಪೂ ಅದರಲ್ಲಿ ಇರಲಿಲ್ಲ. ಕಾರಿದಿನ್ನಿಯ ಆ ಹೊಲದ ಮನೆಯಲ್ಲಿ ಗದ್ದುಗೆ ಇರಲಿಲ್ಲ, ಹುಲಿಚರ್ಮ ಇರಲಿಲ್ಲ, ಬಾಗಿಲಲ್ಲಿ ನಿಂತು ಹೆಸರು ಕೇಳುವ ಶಿಷ್ಯರೂ ಇರಲಿಲ್ಲ. ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಕತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿಗೆ ಚುಚ್ಚಿದ ಮುಳ್ಳು ತೆಗೆಯುತ್ತಿದ್ದರೆ, ಇವರೇ ಅವ್ವನವರೆಂದು ಯಾರಿಗೆ ಹೊಳೆಯಬೇಕು? "ಇಲ್ಲೇ ಅದಾಳ್ರಿ. ಒಂದೀಟು ತಡೀರಿ, ಇದೊಂದು ಮುಳ್ಳು ತಗದು ಕರೀತೀನಿ" ಎನ್ನುತ್ತಿದ್ದರು ಅವ್ವನವರು. ಮುಳ್ಳು ತೆಗೆದಾದ ಮೇಲೆ ಕೈ ತೊಳೆದುಕೊಂಡು ಬಂದು, ಅದೇ ಜನರ ಮುಂದೆ ನೆಲದ ಮೇಲೆ ಕೂತು, "ಹೇಳ್ರಿ" ಎನ್ನುತ್ತಿದ್ದರು. ಬಂದವರ ಮುಖವನ್ನು ಆಗ ನೋಡಬೇಕಿತ್ತು.

ನಾನು ಆ ಕಾಲದಲ್ಲಿ ಕಾರಿದಿನ್ನಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅವ್ವನವರ ಮಹಿಮೆ ಹೇಳಿ ಎಂದು ಈಗ ನನ್ನ ಬಳಿಗೆ ಬರುವವರು ಬಹಳ. ತಾಯಿಯವರು ನೀರನ್ನು ಹಾಲು ಮಾಡಿದರೇ, ಹಾವಿನ ವಿಷ ಇಳಿಸಿದರೇ ಎಂದು ಕಣ್ಣರಳಿಸಿ ಕೇಳುತ್ತಾರೆ. ನಾನು ಅಂಥದ್ದೇನನ್ನೂ ಕಾಣಲಿಲ್ಲ, ಕಾಣದ್ದನ್ನು ಬರೆಯುವ ಚಾಳಿಯೂ ನನಗಿಲ್ಲ. ನಾನು ಕಂಡದ್ದು ಕತ್ತೆಗಳಿಗೆ ಒಂದು ಮನೆ ಕಟ್ಟಿದ್ದನ್ನು. ಅದರ ಮಣ್ಣಿನ ಬುಟ್ಟಿಯನ್ನು ಈ ತಲೆಯ ಮೇಲೂ ಹೊತ್ತಿದ್ದೇನೆ. ಅವ್ವನವರನ್ನು ನೆನೆದು ಅದನ್ನೇ ಹೇಳುತ್ತೇನೆ.

ಆ ಕತ್ತೆಗಳು ಅಲ್ಲಿಗೆ ಬಂದ ಬಗೆ ಹೀಗೆ. ನಮ್ಮ ಸೀಮೆಯಲ್ಲಿ ಆಗ ಮಡಿವಾಳರು ಬಟ್ಟೆಯ ಗಂಟನ್ನು ಸೈಕಲ್ಲಿನ ಮೇಲೆ ಹೇರತೊಡಗಿದ್ದರು, ಕುಂಬಾರರ ಗಡಿಗೆಗಳು ಟೆಂಪೊ ಹತ್ತಿ ಸಂತೆಗೆ ಹೋಗತೊಡಗಿದ್ದವು. ಕತ್ತೆಗಳಿಗೆ ಕೆಲಸ ತಪ್ಪಿತು. ಮುದಿ ಎತ್ತಿಗಾದರೆ ಒಂದು ಹಿಡಿ ಕಣಿಕೆ ಹಾಕುವವರು ಸಿಗುತ್ತಾರೆ, ಮುದಿ ಕತ್ತೆಯನ್ನು ಊರ ಹೊರಗೆ ಬಿಟ್ಟು ಬಂದರೆ ಮುಗಿಯಿತು. ಮೊದಲು ಬಂದದ್ದು ಮುಂಗಾಲಿಗೆ ಬಿಗಿದ ಹಗ್ಗ ಮಾಂಸದೊಳಗೆ ಇಳಿದು ಹುಣ್ಣಾಗಿದ್ದ ಒಂದು ಹೆಣ್ಣು ಕತ್ತೆ. ಅವ್ವನವರು ಹಗ್ಗ ಕತ್ತರಿಸಿ, ಬೇವಿನೆಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚಿ, ಅದಕ್ಕೆ ದೊಡ್ಡಾಕಿ ಎಂದು ಹೆಸರಿಟ್ಟರು. ವರ್ಷ ತುಂಬುವುದರೊಳಗೆ ಐದು ಕತ್ತೆಗಳಾದವು. ಬೇಸಿಗೆಯಲ್ಲಿ ಮರದ ನೆರಳು ಸಾಕಾಗುತ್ತಿತ್ತು. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರಲ್ಲಿ ದಿನಗಟ್ಟಲೆ ನಿಂತು ಅವುಗಳ ಗೊರಸು ಕೊಳೆಯಿತು.

"ಮಿರಗದ ಮಳಿ ಬರೋದ್ರಾಗ ಇವಕ್ಕೊಂದು ಮನಿ ಆಗಬೇಕು" ಎಂದು ಅವ್ವನವರು ಒಂದು ದಿನ ಮುಂಗಾರಿನ ಮೃಗಶಿರಾ ಮಳೆಯನ್ನು ನೆನೆದು ಹೇಳಿದರು. ಅವರು ಬಾಯಿಬಿಟ್ಟು ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಭಕ್ತರಿಗೆ ಈ ಮಾತು ಅಷ್ಟಾಗಿ ರುಚಿಸಲಿಲ್ಲ. ಅವ್ವನವರಿಗೆ ಒಂದು ಮಠ ಕಟ್ಟಬೇಕು, ಅದಕ್ಕೆ ಕಳಸ ಇಡಬೇಕು ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದವರು ಅವರು. "ಮಠ ಕಟ್ಟೂಣು ಅಂದ್ರ ಕತ್ತಿಗೆ ಮನಿ ಕಟ್ರಿ ಅಂತಾರಲ್ರೀ ಮಾಸ್ತರ" ಎಂದು ನನ್ನ ಮುಂದೆ ಗೊಣಗಿದರು. ಊರ ಕಟ್ಟೆಯ ಮೇಲಿನ ನಗೆಯಂತೂ ಹೇಳುವುದೇ ಬೇಡ. ಮುಚ್ಚುವುದೇಕೆ, ನಾನೂ ಅವರ ಜೊತೆ ಕೂತು ನಕ್ಕವನೇ. ನಕ್ಕು ನಕ್ಕು ಸಾಕಾದ ಮೇಲೆ ಎಲ್ಲರೂ ಕೆಲಸಕ್ಕೆ ಒಪ್ಪಿಕೊಂಡರು, ಅವ್ವನವರ ಮಾತು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಅಳತೆ ಹಾಕಿ ಮನೆ ಎತ್ತುವ ಬಡಿಗೇರ ಮಾತ್ರ ಸಿಗಲಿಲ್ಲ. ಒಬ್ಬರಿಗೆ ಸೊಂಟ ಹಿಡಿದಿತ್ತು, ಇನ್ನೊಬ್ಬರಿಗೆ ಬೀಗರ ಊರಲ್ಲಿ ಮದುವೆ. ಕತ್ತೆಮನೆ ಕಟ್ಟಿದವ ಎಂದು ಹೆಸರು ಬಿದ್ದರೆ ಹೇಗೆ ಎಂಬುದು ಒಳಗಿನ ಅಂಜಿಕೆ.

ಹೀಗಿರುವಾಗ ಒಂದು ಮುಂಜಾನೆ ಮೋನಪ್ಪ ಬಡಿಗೇರರು ಬಂದರು. ಕೆಲಸ ಕೇಳಲು ಬಂದವರಲ್ಲ, ಸಂಕಟ ಹೇಳಿಕೊಳ್ಳಲು ಬಂದವರು. ಎರಡು ಹರದಾರಿ ಆಚೆ, ಹೊಳೆ ದಂಡೆಯ ಮೇಲಿನ ಊರು ಅವರದು. ವಯಸ್ಸು ಐವತ್ತರ ಮೇಲೆ. ತಲೆಯ ರುಮಾಲನ್ನು ಹೆಗಲಿಗೆ ಹಾಕಿಕೊಂಡು ಅವ್ವನವರ ಮುಂದೆ ಕೂತರು. ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು.

ಅವರು ಹೇಳಿದ್ದು ಅರ್ಥವಾಗಬೇಕಾದರೆ 'ಆಯ' ಎಂದರೇನೆಂದು ತಿಳಿದಿರಬೇಕು. ಹಳೆಯ ಬಡಿಗೇರರು ಮನೆಯ ಉದ್ದ ಅಗಲಗಳನ್ನು ಮೊಳದಲ್ಲಿ ಅಳೆದು, ಒಂದರಿಂದ ಒಂದನ್ನು ಗುಣಿಸಿ, ಬಂದದ್ದನ್ನು ಎಂಟರಿಂದ ಭಾಗಿಸುತ್ತಾರೆ. ಉಳಿದ ಶೇಷವೇ ಆ ಮನೆಯ ಆಯ. ಮೂರು ಉಳಿದರೆ ಸಿಂಹಾಯ, ಐದು ಉಳಿದರೆ ವೃಷಭಾಯ, ಏಳು ಉಳಿದರೆ ಗಜಾಯ. ಇವೆಲ್ಲ ಶುಭ. ನಾಲ್ಕು ಉಳಿದರೆ ನಾಯಿ, ಆರು ಉಳಿದರೆ ಖರ, ಏನೂ ಉಳಿಯದಿದ್ದರೆ ಕಾಗೆ. ಇವು ಬಂದ ಮನೆಯಲ್ಲಿ ಕೇಡು ತಪ್ಪದು ಎಂಬುದು ನಂಬಿಕೆ.

ಒಂಬತ್ತು ವರ್ಷಗಳ ಹಿಂದೆ ಮೋನಪ್ಪನವರು ತಮ್ಮ ಊರಿನ ಗುರುಪಾದಗೌಡರಿಗೆ ಹೊಸ ಮನೆ ಕಟ್ಟಿಕೊಟ್ಟಿದ್ದರು. ಗೃಹಪ್ರವೇಶವಾಗಿ ಎರಡು ತಿಂಗಳಿಗೆ ಗೌಡರ ಸೊಸೆ ಹೆರಿಗೆಯಲ್ಲಿ ತೀರಿಕೊಂಡಳು. ಆ ದಿನಗಳಲ್ಲಿ ಊರಿಗೆ ಬಂದ ಯಾರೋ ಪಂಚಾಂಗ ಹೇಳುವವನು ಮನೆಯ ಹೊರಗಿಂದಲೇ ಹೆಜ್ಜೆ ಹಾಕಿ ಅಳೆದು, "ಇದು ಖರಾಯ, ಬಡಿಗೇರ ಒಂದು ಮೊಳ ತಪ್ಪಿದಾನ" ಎಂದು ಹೇಳಿ ಹೋದ. ಹೇಳಿದವನು ಹೊರಟುಹೋದ, ಮಾತು ಊರಲ್ಲಿ ಉಳಿಯಿತು. ಅಂದಿನಿಂದ ಮೋನಪ್ಪನವರನ್ನು ಮನೆ ಕಟ್ಟಲು ಯಾರೂ ಕರೆಯಲಿಲ್ಲ. ಕರೆದಿದ್ದರೂ ಅವರು ಹೋಗುತ್ತಿರಲಿಲ್ಲ, ಏಕೆಂದರೆ ಊರಿಗಿಂತ ಹೆಚ್ಚಾಗಿ ಅವರೇ ಅದನ್ನು ನಂಬಿಬಿಟ್ಟಿದ್ದರು. ಕುಂಟೆ, ನೇಗಿಲು, ಕೊಡಲಿಯ ಕಾವು ಎಂದು ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಗೌಡರ ಮನೆಯ ಮುಂದೆ ಹಾಯಬಾರದೆಂದು ಊರನ್ನೇ ಸುತ್ತಿ ಓಡಾಡಿಕೊಂಡು ಇದ್ದರು.

"ಯವ್ವಾ, ನನ್ನ ಕೈಯಿಂದ ಒಂದು ಜೀವ ಹೋತು" ಎಂದರು ಮೋನಪ್ಪನವರು. "ಮೊಳಕೋಲು ಹಿಡದ್ರ ಕೈ ನಡಗತಾವ. ಅದು ನಮ್ಮಪ್ಪನ ಕೋಲು, ಅವರಪ್ಪಂದು. ಒಂದು ನೀವು ಈ ದೋಷ ಕಳೀರಿ, ನಾ ಮತ್ತ ಮನಿ ಎತ್ತತೀನಿ. ಇಲ್ಲಾ ಬ್ಯಾಡ ಅನ್ರಿ, ಇವತ್ತ ಕೋಲು ಹೊಳಿಗೆ ಹಾಕಿ ಕೈ ತೊಳಕೋತೀನಿ. ನಡುವ ನೇತಾಡಿ ಸಾಕಾಗೇತಿ."

ವಿಭೂತಿ ಕೊಡುತ್ತಾರೆ, ಮಂತ್ರ ಹೇಳುತ್ತಾರೆ ಎಂದು ನಾವೆಲ್ಲ ಕಾದೆವು. ಅವ್ವನವರು ಎದ್ದು ಸೆರಗು ಕೊಡವಿಕೊಂಡು ಕೇಳಿದರು: "ಕೋಲು ತಂದೀಯೇನು?"

"ತಂದೀನ್ರಿ."

"ಬಾ ಹಂಗಾರ. ಐದು ಮಂದಿ ಮನೀ ಇಲ್ಲದ ನಿಂತಾರ."

ಮೋನಪ್ಪನವರು ಆ ಐದು ಮಂದಿಯನ್ನು ನೋಡಿದರು. ಐದು ಮಂದಿಯೂ ಕಿವಿ ನೆಟ್ಟಗೆ ಮಾಡಿ ಅವರನ್ನು ನೋಡಿದವು. ದೊಡ್ಡಾಕಿ ಮುಂದೆ ಬಂದು ಅವರ ಹೆಗಲ ಮೇಲಿದ್ದ ರುಮಾಲನ್ನು ಮೂಸಿತು. ಕತ್ತೆಗೆ ಮನೆ ಕಟ್ಟಿದರೆ ಕೇಡಾಗಲು ಅದರಲ್ಲಿ ಮನುಷ್ಯರು ಇರುವುದಿಲ್ಲವಲ್ಲ ಎಂದು ತಮಗೆ ಆಗ ಧೈರ್ಯ ಬಂತೆಂದು ಅವರು ನನಗೆ ಎಷ್ಟೋ ದಿನಗಳ ಮೇಲೆ ಹೇಳಿದರು. ಆದರೂ ಅಡ್ಡಾದಿಡ್ಡಿ ಕಟ್ಟುವ ಮನುಷ್ಯ ಅವರಲ್ಲ. ದನಕರುಗಳ ಮನೆಗೆ ವೃಷಭಾಯವೇ ಸರಿ ಎಂದು ಉದ್ದ ಹದಿನೈದು ಮೊಳ, ಅಗಲ ಹನ್ನೊಂದು ಮೊಳ ಎಂದು ಗೊತ್ತುಮಾಡಿದರು. ಹದಿನೈದು ಹನ್ನೊಂದಲಿ ನೂರ ಅರವತ್ತೈದು, ಎಂಟರಿಂದ ಭಾಗಿಸಿದರೆ ಐದು ಶೇಷ. ನನ್ನ ಕಡೆಗೆ ತಿರುಗಿ, "ಹೌದಲ್ರೀ ಮಾಸ್ತರ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಉದ್ದವನ್ನು ಅವರೇ ಎಣಿಸಿ ಗೂಟ ಹೊಡೆದರು. ಅಗಲದ ಹೊತ್ತಿಗೆ ತಮ್ಮ ಎಣಿಕೆಯನ್ನೇ ನಂಬದಾದರು. "ನಾ ಗೆರಿ ಸೊಟ್ಟಾಗದಂಗ ನೋಡ್ಕೋತೀನಿ, ಎಣಿಸೋದು ಯಾರರ ಎಣಿಸ್ರಿ" ಎಂದರು. ಸಾಯಬಣ್ಣ ಮುಂದೆ ಬಂದ. ಈ ಸಾಯಬಣ್ಣ ಸುತ್ತಲ ಊರುಗಳ ಕಣಗಳಲ್ಲೆಲ್ಲ ಜೋಳದ ರಾಶಿ ಅಳೆಯುವವನು, ಎಣಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕೋಲು ಹನ್ನೊಂದರ ತನಕ ಹೋಯಿತು, ಗೂಟ ಬಿತ್ತು, ದಾರ ಕಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಪಾಯ ತೋಡಲು ಸುರುಮಾಡಿದೆವು.

ಆಮೇಲಿನ ಎಂಟು ದಿನಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂತೋಷವಾಗುತ್ತದೆ. ನಗುತ್ತಿದ್ದ ಊರು ಗುದ್ದಲಿ ಹಿಡಿದುಕೊಂಡು ಬಂತು. ಹೊಲದ ಬದುವಿನ ಕಲ್ಲುಗಳನ್ನು ಗಾಡಿಯಲ್ಲಿ ಹೇರಿ ತಂದರು. ಹೆಂಗಸರು ಸೀರೆ ಎತ್ತಿ ಕಟ್ಟಿ ಮಣ್ಣು ತುಳಿದರು, ತುಳಿಯುತ್ತ ಹಾಡಿದರು, ಅವರ ನಡುವೆ ಅವ್ವನವರೂ ಮೊಣಕಾಲುದ್ದ ಕೆಸರಲ್ಲಿ ಹೆಜ್ಜೆ ಹಾಕಿದರು. ನೀವು ಕೂತ್ಕೋರಿ ಎಂದು ಯಾರಾದರೂ ಹೇಳಿದರೆ "ಯಾಕ, ನನ್ನ ಕಾಲಿಗೇನಾಗೇತಿ?" ಎನ್ನುತ್ತಿದ್ದರು. ಮೂರನೆಯ ದಿನ ಮಡಿವಾಳರ ನಿಂಗವ್ವ ಒಂದು ಬುಟ್ಟಿ ರೊಟ್ಟಿ, ಪುಂಡಿಪಲ್ಯ ಹೊತ್ತುಕೊಂಡು ಬಂದಳು. ಯಾರ ಮುಖವನ್ನೂ ನೋಡದೆ ಬುಟ್ಟಿ ಇಳಿಸಿ, ನೇರ ದೊಡ್ಡಾಕಿಯ ಬಳಿಗೆ ಹೋಗಿ, ಅದರ ಮುಂಗಾಲಿನ ಹಳೆಯ ಗಾಯವನ್ನು ಬೆರಳಿನಿಂದ ಮುಟ್ಟಿದಳು. ಆ ಹಗ್ಗ ಕಟ್ಟಿದ್ದು ಅವಳ ಮನೆಯವರೇ ಎಂದು ನಮಗೆ ಆಗ ತಿಳಿಯಿತು. ಅವ್ವನವರು ಮಣ್ಣು ತುಳಿಯುವ ಸಾಲಿನಲ್ಲಿ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.

ಗೋಡೆ ಎದೆಯೆತ್ತರ ಬಂದಾಗ ದೊಡ್ಡಾಕಿ ಅದರ ಮೇಲಿಂದ ತಲೆ ಚಾಚಿ ಒಳಗೆ ನೋಡಿತು. "ಯಜಮಾನ್ತಿ ಕೆಲಸ ನೋಡಾಕ ಬಂದಾಳ, ಚೊಲೋತ್ನಾಗಿ ಕಟ್ಟರಿ" ಎಂದ ಸಾಯಬಣ್ಣ. ಮೋನಪ್ಪನವರ ಕೈ ಅಷ್ಟರಲ್ಲಿ ಹದಕ್ಕೆ ಬಂದಿತ್ತು. ಕಂಬದ ತಲೆ ಕೆತ್ತುವಾಗ ಅವರ ಬಾಚಿಯ ಪೆಟ್ಟು ಒಂದೇ ಸಮನೆ ಬೀಳುತ್ತಿತ್ತು. ಒಂದು ದಿನವಂತೂ ಅವರು ಸಣ್ಣ ದನಿಯಲ್ಲಿ ಏನೋ ಗುನುಗಿದ್ದನ್ನು ನಾನು ಕೇಳಿದೆ, ಕೇಳಿದ್ದು ಗೊತ್ತಾದರೆ ನಿಲ್ಲಿಸಿಬಿಡುತ್ತಾರೆಂದು ಬೇರೆ ಕಡೆ ನೋಡಿದೆ.

ಒಂಬತ್ತನೆಯ ದಿನ ತೊಲೆ ಏರಿಸುವುದಿತ್ತು. ಜಾಲಿಮರದ ಮೂರು ತೊಲೆಗಳನ್ನು ಹನ್ನೊಂದು ಮೊಳದ ಅಗಲಕ್ಕೆ ಸರಿಯಾಗಿ ಕತ್ತರಿಸಿ ಇಟ್ಟಿದ್ದರು. ನಾಲ್ಕು ನಾಲ್ಕು ಜನ ಎರಡೂ ಕಡೆ ಹೆಗಲು ಕೊಟ್ಟು ಮೊದಲನೆಯದನ್ನು ಗೋಡೆಯ ಮೇಲೆ ಏರಿಸಿದೆವು. ಅದು ಆಚೆಯ ಗೋಡೆಯನ್ನು ದಾಟಿ ಒಂದು ಮೊಳ ಹೊರಗೆ ಚಾಚಿಕೊಂಡಿತು. ಕತ್ತರಿಸಿದ್ದು ಹೆಚ್ಚಾಗಿರಬೇಕೆಂದು ಎರಡನೆಯದನ್ನು ಏರಿಸಿದೆವು. ಅದೂ ಹಾಗೆಯೇ ಆಯಿತು. ಮೂರನೆಯದನ್ನು ಏರಿಸುವ ಮೊದಲೇ ಮೋನಪ್ಪನವರು ಕೋಲು ತೆಗೆದುಕೊಂಡು ಗೋಡೆಯ ಬುಡದಲ್ಲಿ ಕೂತು ಅಳೆದರು. ಹತ್ತು ಮೊಳ. ಇನ್ನೊಮ್ಮೆ ಅಳೆದರು. ಹತ್ತೇ.

ಹದಿನೈದು ಹತ್ತಲಿ ನೂರೈವತ್ತು. ಎಂಟು ಹದಿನೆಂಟಲಿ ನೂರ ನಲವತ್ನಾಲ್ಕು. ಉಳಿದದ್ದು ಆರು. ನಾನು ಮನಸ್ಸಿನಲ್ಲಿ ಲೆಕ್ಕ ಮುಗಿಸುವ ಹೊತ್ತಿಗೆ ಮೋನಪ್ಪನವರ ಮುಖದಲ್ಲಿ ರಕ್ತ ಇರಲಿಲ್ಲ. ಯಾವ ಆಯ ಅವರ ಒಂಬತ್ತು ವರ್ಷ ತಿಂದಿತ್ತೋ ಅದೇ ಆಯ ಬಂದಿತ್ತು.

ತಪ್ಪಾದದ್ದು ಎಲ್ಲಿ ಎಂದು ಸಾಯಬಣ್ಣನನ್ನು ಎಲ್ಲರೂ ಮುತ್ತಿದರು. ಪಾಪ, ಅವನು ಆಣೆ ಪ್ರಮಾಣ ಮಾಡತೊಡಗಿದ. ಆಮೇಲೆ ತಿಳಿಯಿತು. ಕಣದಲ್ಲಿ ರಾಶಿ ಅಳೆಯುವಾಗ ಯಾರೂ ಒಂದು ಎನ್ನುವುದಿಲ್ಲ, ಶುಭವಾಗಲೆಂದು ಮೊದಲನೆಯ ಅಳತೆಗೆ 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಅಂದು ಮೋನಪ್ಪನವರು ಅಗಲ ಅಳೆಯಲು ಹೋಗಿ, ತಮ್ಮ ಮನೆತನದ ರೂಢಿಯಂತೆ ಮೊದಲು ಕೋಲನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಕೋಲು ಎದ್ದದ್ದೇ ತಡ, ಅಭ್ಯಾಸದ ಬಾಯಿ, ಸಾಯಬಣ್ಣ "ಲಾಭ" ಎಂದುಬಿಟ್ಟ. ಕೋಲು ನೆಲ ಮುಟ್ಟಿದಾಗ "ಎರಡು" ಎಂದ. ಹೀಗೆ ಹನ್ನೊಂದು ಎಣಿಕೆಗೆ ಹತ್ತೇ ಮೊಳ ಬಿತ್ತು. ಒಬ್ಬರು ದೇವರನ್ನು ನೆನೆದರು, ಇನ್ನೊಬ್ಬ ಶುಭ ನುಡಿದ. ಎರಡೂ ಭಕ್ತಿಯ ಕೆಲಸವೇ. ಗಣಿತ ಕಲಿಸುವ ನಾನು ಅಲ್ಲೇ ಪಕ್ಕದಲ್ಲಿ ದಾರ ಹಿಡಿದು ನಿಂತಿದ್ದೆ, ನನಗೂ ಗೊತ್ತಾಗಲಿಲ್ಲ.

ಗೋಡೆ ಒಡೆದು ಕಟ್ಟೋಣ ಎಂದರು ಕೆಲವರು. ಯಾರಿಗೂ ಹೇಳದೆ ತೊಲೆ ಕತ್ತರಿಸಿ ಕೂರಿಸೋಣ ಎಂದರು ಇನ್ನು ಕೆಲವರು. ಮೋನಪ್ಪನವರು ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಬಾಚಿ, ಉಳಿ, ಗರಗಸಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದರು. ಕೋಲನ್ನು ಮಾತ್ರ ಹೊರಗಿಟ್ಟುಕೊಂಡರು. ಅದು ಎಲ್ಲಿಗೆ ಹೋಗುತ್ತದೆ ಎಂಬುದು ನಮಗೆ ಗೊತ್ತಿತ್ತು. ಗುನುಗುತ್ತ ಕೆಲಸ ಮಾಡಿದ್ದ ಮನುಷ್ಯನನ್ನು ಹಾಗೆ ನೋಡಲು ನನಗೆ ಆಗಲಿಲ್ಲ.

ಅವ್ವನವರು ಮಣ್ಣಿನ ಕಾಲಲ್ಲೇ ಬಂದು ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತರು.

"ಏನಾತೋ ಮೋನಪ್ಪಾ?"

"ಮುಗೀತು ಯವ್ವಾ. ದೋಷ ಅಳತ್ಯಾಗಿಲ್ಲ, ಈ ಕೈಯಾಗ ಐತಿ. ಅದ ಆಯ ಮತ್ತ ಬಂತು."

"ಯಾವ ಆಯ?"

"ಖರಾಯ."

"ನಾ ಓದು ಬರಹ ಕಲತಾಕಿ ಅಲ್ಲಪಾ. ಖರ ಅಂದ್ರ ಏನು?"

"ಖರ ಅಂದ್ರ..." ಮೋನಪ್ಪನವರು ತಲೆ ಎತ್ತಲಿಲ್ಲ. "ಕತ್ತಿರಿ."

"ಗಟ್ಟಿಯಾಗಿ ಹೇಳು, ಸಾಯಬಣ್ಣಗ ಕೇಳಲಿಲ್ಲ."

"ಕತ್ತಿರಿ ಯವ್ವಾ. ಕತ್ತಿ ಆಯ."

"ನಾವು ಮನಿ ಯಾರಿಗಿ ಕಟ್ಟಾಕತ್ತೇವಿ?"

ಆ ಗಳಿಗೆಗೆ ಸರಿಯಾಗಿ ದೊಡ್ಡಾಕಿ ಕೂಗಿತೆಂದು ಕೆಲವು ಭಕ್ತರು ಈಗ ಸೇರಿಸಿ ಹೇಳುತ್ತಾರೆ. ಕೂಗಲಿಲ್ಲ. ಅದು ಹಿಂದೆ ನಿಂತು ಮೋನಪ್ಪನವರ ರುಮಾಲಿನ ತುದಿಯನ್ನು ಮೆಲ್ಲುತ್ತಿತ್ತು. ಮೋನಪ್ಪನವರು ಅವ್ವನವರನ್ನು ನೋಡಿದರು, ಹಿಂದೆ ತಿರುಗಿ ದೊಡ್ಡಾಕಿಯನ್ನು ನೋಡಿದರು, ಅದರ ಬಾಯಲ್ಲಿದ್ದ ತಮ್ಮ ರುಮಾಲನ್ನು ನೋಡಿದರು. ಅವರ ಹೊಟ್ಟೆಯ ಒಳಗಿಂದ ನಗು ಎದ್ದು ಬಂತು. ಒಂಬತ್ತು ವರ್ಷ ನಗದ ಮನುಷ್ಯ ನಕ್ಕರೆ ಆ ನಗು ಬೇಗ ನಿಲ್ಲುವುದಿಲ್ಲ. ಅವರು ನಕ್ಕದ್ದು ನೋಡಿ ಸಾಯಬಣ್ಣ ನಕ್ಕ, ನಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು, ಗೋಡೆಯ ಮೇಲೆ ಕೂತಿದ್ದವರು ಬೀಳುವ ಹಾಗಾದರು. "ಸಿಂಹದ ಆಯ ಬಂದಿದ್ರ ಈ ಐದು ಮಂದಿ ಒಳಗ ಕಾಲ ಇಡತಿದ್ದವೇನೋ?" ಎಂದು ಅವ್ವನವರು ಕೇಳಿದ ಮೇಲಂತೂ ಕೆಲಸ ಪೂರ್ತಿ ನಿಂತೇಹೋಯಿತು.

ನ‌ಗುತ್ತ ನಗುತ್ತಲೇ ಮೋನಪ್ಪನವರ ಕಣ್ಣಲ್ಲಿ ನೀರು ಬಂತು, ಅದು ಬೇರೆ ನೀರೆಂದು ಸ್ವಲ್ಪ ಹೊತ್ತಿಗೆ ನಮಗೆ ತಿಳಿಯಿತು. ಅವ್ವನವರು ಇನ್ನಷ್ಟು ಹತ್ತಿರ ಸರಿದು ಮೆಲ್ಲಗೆ ಕೇಳಿದರು.

"ಒಂಬತ್ತು ವರ್ಷ ಅಳತಿಗೆ ಅತ್ತಿ. ಆ ಹೆಣ್ಣುಮಗಳಿಗೆ ಒಂದು ದಿನರ ಅತ್ತೀಯೇನು? ಆಕಿ ಹೆಸರೇನು?"

ಮೋನಪ್ಪನವರಿಗೆ ಹೆಸರು ಗೊತ್ತಿರಲಿಲ್ಲ. ಊರೆಲ್ಲ ಅವಳನ್ನು ಸಣ್ಣಗೌಡ್ತಿ ಎನ್ನುತ್ತಿತ್ತು, ಅವರೂ ಹಾಗೇ ಅನ್ನುತ್ತಿದ್ದರು.

"ಹೋಗಿ ಕೇಳ್ಕೊಂಡು ಬಾ. ತೊಲಿ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದರು ಅವ್ವನವರು. ಆಮೇಲೆ ನನ್ನ ಕಡೆ ನೋಡಿ, "ಮಾಸ್ತರ, ನೀವೂ ಜೋಡಿ ಹೋಗ್ರಿ" ಎಂದರು.

ಮರುದಿನ ಮುಂಜಾನೆ ನಾವಿಬ್ಬರೂ ಹೊಳೆಯ ದಾರಿ ಹಿಡಿದೆವು. ಗೌಡರ ಓಣಿ ಬಂದಾಗ ಮೋನಪ್ಪನವರ ಕಾಲು ಎರಡು ಸಲ ನಿಂತಿತು. ಗುರುಪಾದಗೌಡರು ಮನೆಯ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಎಪ್ಪತ್ತು ದಾಟಿದ ಮುದುಕರು. ಮೋನಪ್ಪನವರನ್ನು ಕಂಡು ಹೊಸೆಯುವ ಕೈ ನಿಲ್ಲಿಸಿದರು.

ಮೋನಪ್ಪನವರು ಕಟ್ಟೆಯ ಕೆಳಗೆ ನಿಂತೇ ಕೈ ಮುಗಿದು, "ಗೌಡ್ರ, ನನ್ನ ಅಳತಿ ತಪ್ಪಿತೋ ಏನೋ" ಎಂದು ಸುರುಮಾಡಿದರು.

"ಅಳತಿ ಯಾರ್ ಕೇಳ್ಯಾರೋ?" ಎಂದರು ಗೌಡರು. ಅವರ ದನಿಯಲ್ಲಿ ನಿಜವಾಗಿ ಸಿಟ್ಟಿತ್ತು. "ಆಕಿ ಬ್ಯಾನಿ ತಿನ್ನೂ ದಿನ ಹೊಳಿ ಬಂದಿತ್ತು. ಗಾಡಿ ದಾಟಲಿಲ್ಲ, ಸೂಲಗಿತ್ತಿ ಆಚಿ ದಂಡಿಮ್ಯಾಲ ಉಳದ್ಲು. ಅದಕ್ಕ ಮನಿ ಏನ್ ಮಾಡೀತು, ನಿನ್ನ ಕೋಲು ಏನ್ ಮಾಡೀತು? ಊರ ಮಂದಿ ಎಲ್ಲಾ ಮಾತಾಡಸಾಕ ಬಂದು ಹೋದ್ರು. ಬೀಗರ ಬೀಗರು ಸೈತ ಬಂದ್ರು. ಈ ಮನಿ ಎತ್ತಿದಾವ ನೀನು, ನೀ ಬರಲಿಲ್ಲ. ಆರು ತಿಂಗಳು ಆಕಿ ಬಡದ ರೊಟ್ಟಿ ಉಂಡಾವ. ಅದು ನನಗ ಇನ್ನೂ ಹೊಟ್ಟ್ಯಾಗ ಐತಿ."

ಸತ್ತವರ ಮನೆಗೆ ಹೋಗಿ, ಕಟ್ಟೆಯ ಮೇಲೆ ಒಂದು ಗಳಿಗೆ ಕೂತು, ನಾಲ್ಕು ಮಾತಾಡಿಸಿ ಬರುವುದು ನಮ್ಮ ಕಡೆ ಎಷ್ಟು ದೊಡ್ಡ ಋಣವೆಂದು ಓದುಗರಿಗೆ ನಾನು ಹೇಳಬೇಕಿಲ್ಲ. ವೈರಿಗಳೂ ಅದೊಂದನ್ನು ತಪ್ಪಿಸುವುದಿಲ್ಲ. ಮೋನಪ್ಪನವರು ಮನೆ ಕೊಂದಿತೆಂಬ ಅಂಜಿಕೆಯಲ್ಲಿ ಅದನ್ನು ತಪ್ಪಿಸಿದ್ದರು. ತಾವು ಹೊತ್ತುಕೊಂಡದ್ದು ಮಾಡದ ತಪ್ಪನ್ನು, ಮಾಡಿದ ತಪ್ಪು ಇಲ್ಲಿ ಕಟ್ಟೆಯ ಮೇಲೆ ಇಷ್ಟು ವರ್ಷ ಕಾಯುತ್ತಾ ಕೂತಿತ್ತು ಎಂದು ಅವರಿಗೆ ಆಗ ತಿಳಿಯಿತು. ಅವರು ಮೆಟ್ಟಿಲು ಹತ್ತಿ ಗೌಡರ ಪಕ್ಕದಲ್ಲಿ ಕೂತರು. ಮುದುಕರ ಕೈ ಹಿಡಿದುಕೊಂಡು ಅತ್ತರು. ಅವಳ ರೊಟ್ಟಿಯ ಮಾತಾಡಿದರು, ಅವಳು ಸುಡುಬಿಸಿಲಲ್ಲಿ ತಂಬಿಗೆ ತುಂಬ ಮಜ್ಜಿಗೆ ತಂದುಕೊಡುತ್ತಿದ್ದ ಮಾತಾಡಿದರು. ಗೌಡರೂ ಅತ್ತರು. ನಾನು ಯಾರೂ ಅಲ್ಲದವನು, ನನಗೂ ತಡೆಯಲಾಗಲಿಲ್ಲ.

"ಆಕಿ ಹೆಸರು ನನಗ ಗೊತ್ತಿಲ್ರಿ ಗೌಡ್ರ" ಎಂದರು ಮೋನಪ್ಪನವರು ಕಡೆಗೆ.

ಗೌಡರು ಕಣ್ಣೊರೆಸಿಕೊಂಡು ಒಳಗಿನ ಕಡೆ ಮುಖ ಮಾಡಿ, "ಕಸ್ತೂರೀ, ಚಹಾ ತಗೊಂಬಾರವ್ವಾ" ಎಂದು ಕೂಗಿದರು. ಎರಡು ಜಡೆಯ, ಒಂಬತ್ತು ವರ್ಷದ ಹುಡುಗಿಯೊಬ್ಬಳು ತಾಟಿನಲ್ಲಿ ಮೂರು ಬಟ್ಟಲು ಚಹಾ ಇಟ್ಟುಕೊಂಡು, ಚೆಲ್ಲಬಾರದೆಂದು ನಾಲಗೆ ಕಚ್ಚಿಕೊಂಡು ಹೊರಗೆ ಬಂದಳು. ಮಗಳಿಗೆ ತಾಯಿಯ ಹೆಸರನ್ನೇ ಇಟ್ಟಿದ್ದರು.

ಆ ಮಧ್ಯಾಹ್ನವೇ ಮೋನಪ್ಪನವರು ಕಾರಿದಿನ್ನಿಗೆ ಮರಳಿ ಅವ್ವನವರ ಪಾದ ಮುಟ್ಟಿ, "ಕಸ್ತೂರಿ ಅಂತ್ರಿ ಆಕಿ ಹೆಸರು" ಎಂದರು. ಅವ್ವನವರು ಕಣ್ಣು ಮುಚ್ಚಿ ಆ ಹೆಸರನ್ನು ಒಮ್ಮೆ ತಾವೂ ಹೇಳಿದರು. ಆಮೇಲೆ ತೊಲೆಗಳ ಕಡೆ ತೋರಿಸಿದರು. ಮೂರು ತೊಲೆಗಳನ್ನೂ ಒಂದೊಂದು ಮೊಳ ಕತ್ತರಿಸಿ ಕೂರಿಸಿದೆವು. ಜಂತಿ ಹೊದಿಸಿ, ತೊಗರಿಕಟ್ಟಿಗೆ ಹಾಸಿ, ಮೇಲೆ ಮಣ್ಣು ಮೆತ್ತಿದೆವು. ಮಿರಗದ ಮೊದಲ ಮಳೆಗೆ ನಾಲ್ಕು ದಿನ ಇರುವಾಗ ಮನೆ ಮುಗಿಯಿತು.

ಮನೆ ತುಂಬುವ ದಿನ ಎರಡು ಊರು ಸೇರಿದವು. ಹೊಸ ಮನೆಗೆ ಮೊದಲು ಆಕಳನ್ನು ಒಳಗೆ ಕರೆದುಕೊಂಡು ಹೋಗುವುದು ವಾಡಿಕೆ, ಇಲ್ಲಿ ಅರಿಷಿಣ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿ ದೊಡ್ಡಾಕಿಯನ್ನು ಬಾಗಿಲಿಗೆ ತಂದರು. ಅದು ಹೊಸ್ತಿಲ ಮುಂದೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ನಿಂಗವ್ವ ಬೆಲ್ಲ ತೋರಿಸಿದಳು. ಸಾಯಬಣ್ಣ ಹಿಂದಿನಿಂದ ನೂಕಿದ, ನೂಕಿ ಒಂದು ಒದೆ ತಿಂದ. ಮಂಗಳಾರತಿ ಹಿಡಿದು ನಿಂತವರ ಕೈ ಸೋತವು. ಕೊನೆಗೆ ಅವ್ವನವರು ತಾವೇ ಒಳಗೆ ಹೋಗಿ, ಹೊಸ ನೆಲದ ಮೇಲೆ ಕಾಲು ಚಾಚಿ ಕೂತು, ಮಡಿಲಲ್ಲಿ ಒಂದು ಹಿಡಿ ಮೇವು ಇಟ್ಟುಕೊಂಡರು. ದೊಡ್ಡಾಕಿ ಕಿವಿ ಅಲುಗಿಸಿ, ಹೊಸ್ತಿಲು ದಾಟಿ, ನೇರವಾಗಿ ಅವರ ಬಳಿಗೆ ಹೋಯಿತು. ಉಳಿದ ನಾಲ್ಕೂ ಅದರ ಹಿಂದೆ ಸಾಲಾಗಿ ಹೋದವು. ಕತ್ತೆಗಳ ನಡುವೆ, ಮೇವು ಮಡಿಲಲ್ಲಿಟ್ಟುಕೊಂಡು ನಗುತ್ತ ಕೂತಿದ್ದ ಆ ತಾಯಿಯನ್ನು ಕಂಡವರು ಆಮೇಲೆ ಮಠದ ಮಾತನ್ನು ಎತ್ತಲಿಲ್ಲ.

ಗುರುಪಾದಗೌಡರು ಮೊಮ್ಮಗಳನ್ನು ಕರೆದುಕೊಂಡು ಗಾಡಿಯಲ್ಲಿ ಬಂದಿದ್ದರು. ಊಟವಾದ ಮೇಲೆ ಎಲ್ಲರ ಎದುರಿಗೆ ಮೋನಪ್ಪನವರನ್ನು ಕರೆದು, "ಹಿತ್ತಲದಾಗ ಈಕಿ ಹೆಸರಿಲೆ ಎರಡು ಅಂಕಣ ಎತ್ತಬೇಕು ಅಂತ ಮಾಡೀನಿ. ನೀ ಎತ್ತಿಕೊಡಬೇಕು" ಎಂದರು. ಸುತ್ತ ನಿಂತವರೆಲ್ಲ ಇತ್ತ ತಿರುಗಿದರು. ಅದೇ ಮನೆ, ಅದೇ ಬಡಿಗೇರ. ಮೋನಪ್ಪನವರು ಬಾಗಿಲ ಕಡೆ ನೋಡಿದರು. ಅವ್ವನವರು ಒಳಗೆ ಕೂತಲ್ಲಿಂದಲೇ ಅವರಿಗೆ ಕೈ ಮುಗಿದದ್ದನ್ನು ನಾನು ಈ ಕಣ್ಣುಗಳಿಂದ ಕಂಡೆ.

ಒಬ್ಬರ ಹೆಸರಿನ ಮನೆಗೆ ಅವರ ಮೊಳದಷ್ಟೇ ಉದ್ದದ ಹೊಸ ಕೋಲು ಮಾಡಿಕೊಳ್ಳುವುದು ಮೋನಪ್ಪನವರ ಮನೆತನದ ಪದ್ಧತಿ. ಅವರು ಅಲ್ಲೇ ಬಿದ್ದಿದ್ದ ತೊಗರಿಕಟ್ಟಿಗೆಯೊಂದನ್ನು ಎತ್ತಿಕೊಂಡು ಕಸ್ತೂರಿಯ ಮುಂದೆ ಮೊಣಕಾಲೂರಿ ಕೂತರು. "ಕೈ ಚಾಚವ್ವ" ಎಂದರು. ಅವಳು ಚಾಚಿದಳು. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಕಟ್ಟಿಗೆಯನ್ನು ಹಿಡಿದು ಉಗುರಿನಿಂದ ಗುರುತು ಮಾಡಿ, ಅಲ್ಲಿಗೆ ಮುರಿದರು. ಹುಡುಗಿ ಆ ಗಿಡ್ಡ ಕೋಲನ್ನು ನೋಡಿ ಮುಖ ಸಣ್ಣದು ಮಾಡಿಕೊಂಡಳು.

"ಅಜ್ಜಾ, ಇಷ್ಟ ಸಣ್ಣ ಕೋಲಿಲೆ ಅಳದ್ರ ನಮ್ಮ ಮನಿ ಸಣ್ಣದಾಗೂದಿಲ್ಲೇನು?"

"ಆಗೂದಿಲ್ಲವ್ವ" ಎಂದರು ಮೋನಪ್ಪನವರು. "ನೀ ಸಾಕು ಅನ್ನೂಮಟ ಕೋಲು ಇಡಕೋತ ಹೋಗತೀನಿ."